ಎಂಬತ್ತೇಳನೇ ಪುಟ ಮತ್ತು ಯರ್ರಮ್ಮನ ಮೇಕೆ

ಚಳ್ಳಕೆರೆಯ ಹೊನ್ನೂರಸ್ವಾಮಿ ಕಾದಂಬರಿಕಾರನಾಗುವುದಕ್ಕೆ ಮೊದಲೇ ಅವನ ಬರಹ ಊರೂರು ತಲುಪಿತ್ತು. ರಾಂಪುರ, ಪರಶುರಾಂಪುರ, ಮೊಳಕಾಲ್ಮುರು, ಗಡಿಯಾಚೆಯ ರಾಯದುರ್ಗದವರೆಗೂ ಜನ ಅದನ್ನು ಕೊಂಡು ಒಯ್ದು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರು. 'ಶುದ್ಧ ಶೇಂಗಾ ಎಣ್ಣೆ. ನಿವ್ವಳ ತೂಕ ಹದಿನೈದು ಕೇಜಿ. ಬಿಸಿಲಿಗೆ ಇಡಬೇಡಿ.' ಇಷ್ಟೇ ಆ ಕೃತಿ. ಎಣ್ಣೆ ಮಿಲ್ಲಿನಲ್ಲಿ ಅಕ್ಷರ ಕೊರೆದ ತಗಡನ್ನು ಟಿನ್ನಿನ ಹೊಟ್ಟೆಗೆ ಒತ್ತಿ ಹಿಡಿದು ಕೆಂಪು ಬಣ್ಣ ಬಳಿಯುವುದು ಅವನ ನೌಕರಿ. ಮುಂದೆ ಅವನು ಬರೆದ ಯಾವುದಕ್ಕೂ ಇಷ್ಟು ಬೇಡಿಕೆ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವನೂ ಅದನ್ನು ತಡವಾಗಿ ಒಪ್ಪಿಕೊಂಡ.

ಬರೆಯುವ ಚಟಕ್ಕೆ ಮೊದಲು ಅವನಿಗೆ ಹತ್ತಿದ್ದು ಓದುವ ಚಟ. ಊರಿನ ಗ್ರಂಥಾಲಯದಿಂದ ಕಾದಂಬರಿ ತಂದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಿಲ್ಲಿನ ಹಿಂದೆ ಶೇಂಗಾ ಹೊಟ್ಟಿನ ರಾಶಿಗೆ ಒರಗಿ ಓದುತ್ತಿದ್ದ. ಗಾಳಿ ಬಂದರೆ ಹೊಟ್ಟಿನ ಧೂಳು ಕಣ್ಣಿಗೆ ಬೀಳುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ನೀರನ್ನೆಲ್ಲ ಅವನು ಕಾದಂಬರಿಯ ಖಾತೆಗೇ ಬರೆದುಕೊಳ್ಳುತ್ತಿದ್ದ. ಹಾಗಾಗಿ ಅವನ ಮನಸ್ಸು ಕಲಕದ ಕಾದಂಬರಿಯೇ ಕನ್ನಡದಲ್ಲಿ ಇರಲಿಲ್ಲ.

ಓದಿ ಓದಿ ಕಾದಂಬರಿ ಎಂದರೇನು ಎಂಬುದು ಅವನಿಗೆ ಗೊತ್ತಾಗಿಹೋಯಿತು. ಕಾದಂಬರಿಯಲ್ಲಿ ಯಾರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವುದಿಲ್ಲ. ನಾಯಕನಿಗೆ ಕೆಲಸವಿದ್ದರೂ ಅದು ಅವನ ದುಃಖಕ್ಕೆ ಅಡ್ಡಿಯಾಗುವಷ್ಟು ಇರುವುದಿಲ್ಲ. ನಾಯಕಿ ಕಿಟಕಿಯ ಬಳಿ ನಿಲ್ಲುತ್ತಾಳೆ. ಕಿಟಕಿಯಾಚೆ ಏನಾದರೂ ಇರಬೇಕು, ಅದು ಚಳ್ಳಕೆರೆಯ ಸಂತೆ ಮೈದಾನವಂತೂ ಆಗಿರಬಾರದು. ಕೊನೆಗೆ ಒಬ್ಬರು ತ್ಯಾಗ ಮಾಡಬೇಕು, ಮಾಡುವವಳು ಹೆಣ್ಣಾಗಿದ್ದರೆ ಒಳ್ಳೆಯದು. ಈ ಸೂತ್ರ ಕೈಗೆ ಸಿಕ್ಕ ಮೇಲೆ ಸುಮ್ಮನಿರುವುದು ನಾಡಿಗೆ ಮಾಡುವ ದ್ರೋಹ ಎಂದು ಅವನಿಗೆ ಅನಿಸಿತು.

ಅವನು ಬರೆದದ್ದು ಸಮುದ್ರದ ಕತೆ. ಹೆಸರು 'ನೀಲಿ ಕಡಲಿನ ನಿಟ್ಟುಸಿರು'. ಸಮುದ್ರವನ್ನು ಅವನು ಕ್ಯಾಲೆಂಡರಿನಲ್ಲಿ ನೋಡಿದ್ದ. ನೀರಿನ ದೊಡ್ಡ ಅನುಭವವೆಂದರೆ ವೇದಾವತಿಯ ಮರಳಿನಲ್ಲಿ ಒರತೆ ತೋಡಿದ್ದು. ಆದರೂ ಕಾವ್ಯನಾಮ ಇಟ್ಟುಕೊಂಡ: ಸಾಗರಪ್ರಿಯ.

ಮಿಲ್ಲಿನಲ್ಲಿ ಟಿನ್ನಿಗೆ ಬೆಸುಗೆ ಹಾಕುವ ಬೋರಣ್ಣನಿಗೆ ಇದು ತಿಳಿದಾಗ ಅವನು ಬೆಸುಗೆ ಕಡ್ಡಿ ಕೆಳಗಿಟ್ಟು ಕೇಳಿದ.

"ಲೇ ಸ್ವಾಮಿ, ಸಮುದ್ರ ಎಂಗೈತಲೇ?"

"ಅಗಾಧವಾಗಿ ಐತೆ."

"ನೋಡೀಯಾ?"

"ಕಣ್ಣಲ್ಲಿ ನೋಡಿ ಬರೆಯೋದು ವರದಿಗಾರರ ಕೆಲಸ ಬೋರಣ್ಣ. ನಾವು ಮನಸ್ಸಲ್ಲಿ ನೋಡ್ತೀವಿ."

"ಅಂಗಾದ್ರೆ ನಾನೂ ಮನಸ್ಸಲ್ಲೇ ಬೆಸುಗೆ ಹಾಕ್ತೀನಿ, ಎಣ್ಣೆ ಸೋರಿದ್ರೆ ಸಾಹುಕಾರ್ರಿಗೆ ನೀನೇ ಹೇಳು."

ಮನೆಯಲ್ಲಿ ಅವ್ವ ಕ್ಯಾತಮ್ಮನ ಚಿಂತೆ ಬೇರೆ. "ಅಷ್ಟೊಂದು ಬರೀತೀಯಲ್ಲೋ, ಯಾರಿಗೆ?" ಎಂದಳು. "ಓದೋರಿಗೆ" ಎಂದ. "ಯಾರು ಓದೋರು?" ಎಂದು ಅವಳು ಮತ್ತೆ ಕೇಳಿದಳು. ಅಕ್ಷರ ಬಾರದ ತಾಯಿಗೆ ಸಾಹಿತ್ಯದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡ. ಅವನ ಬಳಿ ಉತ್ತರವಿರಲಿಲ್ಲ ಎಂಬುದು ನಿಜವಾದ ಸೂಕ್ಷ್ಮ.

ಹಸ್ತಪ್ರತಿ ಬೆಂಗಳೂರಿನ ಪ್ರಕಾಶಕರೊಬ್ಬರಲ್ಲಿಗೆ ಹೋಗಿ, ಅಲ್ಲಿ ಕೆಲಕಾಲ ವಿಶ್ರಾಂತಿ ಪಡೆದು, ಹೋದ ಹಾಗೆಯೇ ಮರಳಿ ಬಂತು. ಜೊತೆಗೊಂದು ಚೀಟಿ. ಈಗೆಲ್ಲ ಜನ ಸಂಜೆಯಾದರೆ ಟೀವಿ ಧಾರಾವಾಹಿ ನೋಡುತ್ತಾರೆ, ಕಾದಂಬರಿ ಓದುವವರಿಲ್ಲ, ಯಶಸ್ಸು ಗಳಿಸುವುದು ಹೇಗೆ ಎಂಬಂಥ ಪುಸ್ತಕವಿದ್ದರೆ ಕಳಿಸಿ ಎಂದಿತ್ತು. ಯಶಸ್ಸು ಗಳಿಸುವುದು ಹೇಗೆಂದು ಗೊತ್ತಿದ್ದಿದ್ದರೆ ತಾನೇಕೆ ಟಿನ್ನಿಗೆ ಬಣ್ಣ ಬಳಿಯುತ್ತಿದ್ದೆ ಎಂದು ಯೋಚಿಸುವಷ್ಟು ವಿವೇಕ ಅವನಿಗಿತ್ತು. ಆದರೆ 'ಓದುವವರಿಲ್ಲ' ಎಂಬ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಒಬ್ಬ, ಒಬ್ಬನೇ ಒಬ್ಬ ಓದುಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೆ ಸಾಕು, ಆ ಚೀಟಿಗೆ ಉತ್ತರ ಸಿಕ್ಕಂತೆ ಎಂದು ಪಂತ ಕಟ್ಟಿಕೊಂಡ. ಎದುರು ಪಂತ ಕಟ್ಟಿದವರು ಯಾರೂ ಇರಲಿಲ್ಲ.

ಹೀಗೆ ಎರಡು ಸಾವಿರದ ಇಸವಿಯಲ್ಲಿ, ಜಗತ್ತೆಲ್ಲ ಹೊಸ ಶತಮಾನದ ಸಡಗರದಲ್ಲಿದ್ದಾಗ, ಚಳ್ಳಕೆರೆಯಲ್ಲಿ 'ಸಾಗರ ಪ್ರಕಾಶನ, ಎಣ್ಣೆ ಮಿಲ್ಲಿನ ಹಿಂಭಾಗ' ಎಂಬ ಸಂಸ್ಥೆ ಉದಯಿಸಿತು. ಸಂಸ್ಥೆಯ ಸಿಬ್ಬಂದಿ ಒಬ್ಬ, ಲೇಖಕ ಒಬ್ಬ, ಇಬ್ಬರೂ ಒಂದೇ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು.

ಅಚ್ಚಿಗೆ ಕೊಟ್ಟದ್ದು ಹತ್ತಿರದ ಒಂದು ಸಣ್ಣ ಪ್ರೆಸ್ಸಿಗೆ. ಅಲ್ಲಿ ಅಚ್ಚಾಗುತ್ತಿದ್ದದ್ದು ಮಿಲ್ಲುಗಳಿಗೆ, ಮಂಡಿಗಳಿಗೆ ರಶೀದಿ ಪುಸ್ತಕ, ಬಿಲ್ ಪುಸ್ತಕ. ಮಿಕ್ಕ ಕಾಲದಲ್ಲಿ ಲಗ್ನಪತ್ರಿಕೆ. ಕಾದಂಬರಿ ಎಂಬ ಪದಾರ್ಥ ಆ ಪ್ರೆಸ್ಸಿನ ಹೊಸ್ತಿಲು ತುಳಿದದ್ದು ಅದೇ ಮೊದಲು. ರಕ್ಷಾಪುಟಕ್ಕೆ ಸಮುದ್ರದ ಚಿತ್ರದ ಅಚ್ಚು ಅವರಲ್ಲಿರಲಿಲ್ಲ. ಇದ್ದದ್ದು ಗಣಪತಿ, ಕಳಶ, ಮತ್ತು ಸ್ವಾಗತ ಕೋರುವ ಜೋಡಿ ಕೈ. ಹೊನ್ನೂರಸ್ವಾಮಿ ಜೋಡಿ ಕೈಗಳನ್ನೇ ಆರಿಸಿ, ನೀಲಿ ಶಾಯಿಯಲ್ಲಿ ಹಾಕಿಸಿದ. ನೋಡಿದವರಿಗೆ ಯಾರೋ ಮುಳುಗುತ್ತಾ ಕೈ ಮುಗಿಯುತ್ತಿರುವಂತೆ ಕಾಣುತ್ತಿತ್ತು. ಅದು ಕತೆಗೆ ಹೊಂದುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುನ್ನೂರು ಪ್ರತಿಗಳ ಕಟ್ಟು ಮನೆಗೆ ಬಂದ ದಿನ ಅವ್ವ ದೀಪ ಹಚ್ಚಿದಳು. ಅವನು ಕೈಕಾಲು ತೊಳೆದು ಬಂದು, ಮೇಲಿನ ಪ್ರತಿಯನ್ನು ಎತ್ತಿ, ಮೊದಲ ಪುಟ ತಿರುವಿದ. ಪುಟ ತಿರುಗಲಿಲ್ಲ. ಸದ್ದೇ ಇಲ್ಲದೆ, ಬಹಳ ವಿನಯದಿಂದ, ಕೈಗೆ ಬಂತು. ಎರಡನೆಯದು ತಿರುವಿದ. ಅದೂ ಬಂತು. ಹಾಳೆಯ ಅಂಚು ಹಲ್ಲು ಹಲ್ಲಾಗಿ, ಅಂಚೆಚೀಟಿಯ ಅಂಚಿನ ಹಾಗಿತ್ತು. ಇನ್ನೊಂದು ಪ್ರತಿ ತೆಗೆದು ನೋಡಿದ. ಪ್ರತಿ ಹಾಳೆಯಲ್ಲೂ ಹೊಲಿಗೆಯ ಪಕ್ಕಕ್ಕೆ ನೇರವಾದ ಸಣ್ಣ ತೂತುಗಳ ಗೆರೆ.

ಪ್ರೆಸ್ಸಿಗೆ ಓಡಿದ. ಪುಸ್ತಕ ಕಟ್ಟುವ ಕೆಂಚಣ್ಣ ಅಂಟಿನ ಬಟ್ಟಲಿನ ಮುಂದೆ ಕೂತಿದ್ದ. ವಯಸ್ಸಿನಲ್ಲಿ ದೊಡ್ಡವನು. ಬೈಯುವ ಹಾಗಿಲ್ಲ.

"ಕೆಂಚಣ್ಣಾ, ಇದೇನಿದು? ಹಾಳೆ ಎಲ್ಲಾ ಕಿತ್ಕೊಂಡು ಬರ್ತಾವೆ!"

ಕೆಂಚಣ್ಣ ಒಂದು ಹಾಳೆ ಕಿತ್ತು ನೋಡಿದ. ಅವನ ಮುಖದಲ್ಲಿ ತೃಪ್ತಿ ಕಂಡಿತು.

"ಸಲೀಸಾಗಿ ಬಂತಲ್ಲ ಸಾರ್."

"ಬರಬಾರದಿತ್ತು!"

"ನಲವತ್ತು ವರ್ಷದಿಂದ ರಶೀದಿ ಪುಸ್ತಕಕ್ಕೆ ಈ ತೂತು ಹಾಕ್ತಾ ಇದೀನಿ. ಬರಲಿಲ್ಲ ಅಂತ ಬೈದೋರು ಇದಾರೆ. ಬಂತು ಅಂತ ಬೈದೋರು ನೀವೇ ಮೊದಲು."

"ಇದು ರಶೀದಿ ಅಲ್ಲ ಕೆಂಚಣ್ಣ, ಕಾದಂಬರಿ. ಕಾದಂಬರೀನ ಯಾರಾದ್ರೂ ಹರೀತಾರಾ?"

"ನಂಗೇನು ಗೊತ್ತು ಸಾರ್? ನಮ್ ಕೈಯಿಂದ ಹೊರಗೆ ಹೋದ ಪುಸ್ತಕಾನೆಲ್ಲ ಜನ ಹರ್ದೇ ಹರೀತಾರೆ. ಹರಿಯೋಕೆ ಅನುಕೂಲ ಆಗ್ಲಿ ಅಂತ ಹಾಕ್ದೆ. ಕೈ ಸುಮ್ನೆ ಇರ್ಲಿಲ್ಲ."

ಹೊನ್ನೂರಸ್ವಾಮಿ ಮನೆಗೆ ಮರಳಿದ. ಮುನ್ನೂರು ಪ್ರತಿಗಳನ್ನೂ ಹಾಗೆಯೇ ಹಂಚತೊಡಗಿದ. ಕೊಡುವಾಗ ಪ್ರತಿಯೊಬ್ಬರಿಗೂ, "ಸ್ವಲ್ಪ ಮೆಲ್ಲಗೆ ತೆರೀರಿ" ಎಂದು ಎಚ್ಚರಿಕೆ ಹೇಳುತ್ತಿದ್ದ. ಎಚ್ಚರಿಕೆಯ ಅಗತ್ಯವೇ ಇರಲಿಲ್ಲ ಎಂಬುದು ಬೇಗ ಗೊತ್ತಾಯಿತು.

ಏಕೆಂದರೆ ಬೇರೆ ಲೇಖಕರಿಗೆ ಇಲ್ಲದ ಒಂದು ಸೌಲಭ್ಯವನ್ನು ಕೆಂಚಣ್ಣ ಅವನಿಗೆ ಒದಗಿಸಿಕೊಟ್ಟಿದ್ದ. ಉಳಿದವರ ಪುಸ್ತಕವನ್ನು ಓದದೆಯೇ ಓದಿದೆ ಎಂದರೆ ನಂಬಬೇಕು. ಇವನ ಪುಸ್ತಕ ತೆರೆದರೆ ಹರಿಯುತ್ತಿತ್ತು. ಹರಿಯದೆ ಇದ್ದರೆ ಓದಿಲ್ಲ, ಅಷ್ಟೇ.

ಕನ್ನಡ ಮೇಷ್ಟ್ರು ಬೊಮ್ಮಲಿಂಗಪ್ಪನವರ ಮನೆಗೆ ಅಭಿಪ್ರಾಯ ಕೇಳಲು ಹೋದ. ಅವರು ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಕಣ್ಣು ಅರ್ಧ ಮುಚ್ಚಿ ಹೇಳಿದರು.

"ಎರಡು ಸಲ ಓದಿದೆ ಕಣಪ್ಪಾ. ಆಳ ಐತೆ."

"ಯಾವ ಭಾಗದಲ್ಲಿ ಸಾರ್?"

"ಒಂದು ಭಾಗ ಅಂತ ಹೇಳಿದ್ರೆ ಬಾಕಿ ಭಾಗಕ್ಕೆ ಅನ್ಯಾಯ ಆಗುತ್ತೆ. ಒಟ್ಟಾರೆ ಆಳ."

ಪುಸ್ತಕ ಅವರ ಹಿಂದೆ ಕಿಟಕಿಯ ರೆಕ್ಕೆ ಗಾಳಿಗೆ ಬಡಿದುಕೊಳ್ಳದಂತೆ ಒತ್ತು ಕೊಟ್ಟು ನಿಂತಿತ್ತು. ಒಂದು ಹಾಳೆಯೂ ಕದಲಿರಲಿಲ್ಲ. ಎರಡು ಸಲ ಓದಿಯೂ ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿರುವುದಕ್ಕೆ ಹೊನ್ನೂರಸ್ವಾಮಿ ಕೈ ಮುಗಿದು ಬಂದ.

ಗ್ರಂಥಾಲಯದ ಪ್ರತಿ ಕದಲಿರಲಿಲ್ಲ. ಮಿಲ್ಲಿನ ಸಾಹುಕಾರರ ಪ್ರತಿ ಕದಲಿರಲಿಲ್ಲ, ಅದರ ಮೇಲೆ ಫೋನು ಕೂತಿತ್ತು. ಬೋರಣ್ಣನ ಪ್ರತಿಯಲ್ಲಿ ಮಾತ್ರ ನಾಲ್ಕು ಹಾಳೆ ಹೋಗಿದ್ದವು. ಹೊನ್ನೂರಸ್ವಾಮಿಯ ಎದೆ ಹಾರಿತು. "ಓದಿದ್ಯಾ ಬೋರಣ್ಣ?" ಎಂದ. "ಇಲ್ಲ ಕಣಲೇ, ಮೆಣಸಿನಕಾಯಿ ಬಜ್ಜಿ ಎಣ್ಣೆ ಬಿಡ್ತಿತ್ತು" ಎಂದ ಬೋರಣ್ಣ. ಸುಳ್ಳು ಹೇಳದ ವಿಮರ್ಶಕ ಅವನೊಬ್ಬನೇ.

ಮನೆಯಲ್ಲಿ ಪ್ರಕಾಶಕರ ಚೀಟಿ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಅವನೇ ಸಿಕ್ಕಿಸಿದ್ದು, ಹಠಕ್ಕೆ. ಈಗ ಅದನ್ನು ನೋಡಿದರೆ ಚೀಟಿಯೇ ನಗುತ್ತಿರುವಂತೆ ಕಾಣತೊಡಗಿತು.

ಮಿಲ್ಲಿನ ಟೆಂಪೋ ವಾರಕ್ಕೊಮ್ಮೆ ಎಣ್ಣೆ ಟಿನ್ನು ಹೊತ್ತು ಮೊಳಕಾಲ್ಮುರಿಗೆ ಹೋಗುತ್ತಿತ್ತು. ಟಿನ್ನು ಇಳಿಸಲು ಹೊನ್ನೂರಸ್ವಾಮಿಯೂ ಹೋಗುತ್ತಿದ್ದ, ಚೀಲದಲ್ಲಿ ಒಂದೆರಡು ಪ್ರತಿ ಇಟ್ಟುಕೊಂಡು. ಒಮ್ಮೆ ಕಿರಾಣಿ ಅಂಗಡಿಯ ಮುಂದೆ, ಎಣ್ಣೆಗೆ ಬಂದಿದ್ದ ಸೂರಪ್ಪ ಎಂಬಾತ, ಮನೆಮಾತು ತೆಲುಗಿನ ರೇಷ್ಮೆ ಸೀರೆ ನೇಕಾರ, ಟಿನ್ನಿನ ಮೇಲೆ ಇಟ್ಟಿದ್ದ ಪುಸ್ತಕ ನೋಡಿದ.

"ಏಮಯ್ಯಾ, ಇದು ಎಣ್ಣೆ ಜೊತೆ ಫ್ರೀನಾ?"

"ಕಾದಂಬರಿ."

"ಫ್ರೀನಾ ಅಂದೆ."

ಹೊನ್ನೂರಸ್ವಾಮಿ ಒಂದು ಗಳಿಗೆ ತನ್ನ ಸ್ವಾಭಿಮಾನವನ್ನು ಹುಡುಕಿದ. ಅದು ಕೈಗೆ ಸಿಗಲಿಲ್ಲ. "ಹೌದು, ಫ್ರೀ" ಎಂದ.

"ಅಂಗಾದ್ರೆ ಕೊಡು. ನಮ್ ಸೊಸೆ ಪದ್ಮಶ್ರೀ ಬೆಲ್ಲ ಕಟ್ಟಿದ ಪೇಪರನ್ನೂ ಬಿಡದೆ ಓದ್ತಾಳೆ."

ಬೆಲ್ಲ ಕಟ್ಟಿದ ಪೇಪರಿಗೆ ಸಮನಾಗಿ ತನ್ನ ಕೃತಿಯನ್ನು ನಿಲ್ಲಿಸಿದ್ದಕ್ಕೆ ಅವನಿಗೆ ನೋವಾಗಬೇಕಿತ್ತು. ಆಗಲಿಲ್ಲ. 'ಬಿಡದೆ ಓದ್ತಾಳೆ' ಎಂಬ ಎರಡು ಮಾತು ದಾರಿಯುದ್ದಕ್ಕೂ ಟೆಂಪೋದ ಗಡಗಡ ಸದ್ದಿನ ಮೇಲೆ ಕೇಳುತ್ತಲೇ ಇತ್ತು.

ಮುಂದಿನ ಕೆಲವು ವಾರ ಸೂರಪ್ಪ ಅಂಗಡಿಯ ಕಡೆ ಕಾಣಲಿಲ್ಲ. ಒಂದು ದಿನ ಟಿನ್ನು ಬೇಗ ಇಳಿದವು. ಡ್ರೈವರ್ ಊಟಕ್ಕೆ ಹೋದ. ಹೊನ್ನೂರಸ್ವಾಮಿ ಚೀಲ ಹೆಗಲಿಗೇರಿಸಿ, ದಾರಿ ಕೇಳಿಕೊಂಡು, ನೇಕಾರರ ಬೀದಿಗೆ ನಡೆದ. ಪುಸ್ತಕ ಅಲ್ಲಿಯೂ ಕದಲದೆ ಇದ್ದರೆ ಚೀಟಿ ಬರೆದವನು ಗೆದ್ದಂತೆ.

ಸೂರಪ್ಪನ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಗುಂಡಿ ತೋಡಿ ಕೂರಿಸಿದ ಮಗ್ಗ. ಸೂರಪ್ಪ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದ. ಗೋಡೆಯ ಮೊಳೆಯಲ್ಲಿ 'ನೀಲಿ ಕಡಲಿನ ನಿಟ್ಟುಸಿರು' ನೇತಾಡುತ್ತಿತ್ತು. ಅದರಲ್ಲಿ ರಕ್ಷಾಪುಟವಿತ್ತು, ಹೊಲಿಗೆಯಿತ್ತು, ಜೋಡಿ ಕೈಯಿತ್ತು. ಒಳಗೆ ಒಂದು ಹಾಳೆಯೂ ಇರಲಿಲ್ಲ.

ಬಜ್ಜಿ, ಎಂದುಕೊಂಡ ಹೊನ್ನೂರಸ್ವಾಮಿ. ಇಡೀ ಪುಸ್ತಕ ಬಜ್ಜಿಗೆ ಹೋಗಿದೆ.

"ಓಹೋ, ಎಣ್ಣೆ ಟಿನ್ನಿನ ಅಬ್ಬಾಯಿ!" ಎಂದ ಸೂರಪ್ಪ. "ಅಮ್ಮಾ, ಪುಸ್ತಕ ಕೊಟ್ಟ ಹುಡುಗ ಬಂದ ನೋಡು."

ಒಳಗಿನಿಂದ ಸೂರಪ್ಪನ ತಾಯಿ ಪೆದ್ದಮ್ಮ ಬಂದಳು. ಹಿಂದೆ ಸೂರಪ್ಪನ ಸೊಸೆ ಪದ್ಮಶ್ರೀ. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ, "ರಾ ನಾಯನಾ, ಕೂಚೋ" ಎಂದು ಚಾಪೆ ತೋರಿಸಿದಳು. ಅವನು ಕೂರುವುದಕ್ಕೂ ಕಾಯದೆ, "ಈ ಪುಸ್ತಕ ಬರೆದ ಮಾರಾಯ ನಿಂಗೆ ಗೊತ್ತಾ?" ಎಂದಳು.

ಹೊನ್ನೂರಸ್ವಾಮಿ ಹೆಗಲಿನ ಚೀಲವನ್ನು ಬೆನ್ನ ಹಿಂದೆ ಸರಿಸಿದ. "ಯಾಕವ್ವಾ?"

"ಸಿಕ್ರೆ ನಾಲ್ಕು ಮಾತು ಕೇಳೋದೈತೆ."

"ಗೊತ್ತಿಲ್ಲ" ಎಂದ. ತನ್ನ ಓದುಗರೊಂದಿಗೆ ಸಾಗರಪ್ರಿಯ ಆಡಿದ ಮೊದಲ ಮಾತು ಇದು.

ನಡೆದದ್ದನ್ನು ಪದ್ಮಶ್ರೀ ಹೇಳಿದಳು. ಮೊದಲ ದಿನ ಹಾಳೆ ಕಿತ್ತು ಬಂದಾಗ ಅವಳು ಹೆದರಿದ್ದಳಂತೆ. ಆಮೇಲೆ ಅಂಚಿನ ತೂತು ನೋಡಿ, ಇದು ಕಿತ್ತು ಓದುವುದಕ್ಕೇ ಮಾಡಿದ ಹೊಸ ನಮೂನೆಯ ಪುಸ್ತಕ ಎಂದು ತಿಳಿದುಕೊಂಡಳು. ಮಗ್ಗದ ಮುಂದೆ ಪುಸ್ತಕ ಹಿಡಿದು ಕೂರಲು ಆಗುವುದಿಲ್ಲ, ಕೈ ಎರಡೂ ಬೇಕು. ಹಾಳೆಯಾದರೆ ಮಗ್ಗದ ಕಂಬಕ್ಕೆ ಸಿಕ್ಕಿಸಬಹುದು. ಬೆಳಿಗ್ಗೆ ಅವಳು ದಿನದ ಹಾಳೆಗಳನ್ನು ಗಟ್ಟಿಯಾಗಿ ಓದುತ್ತಾಳೆ, ತೆಲುಗಿನ ಪೆದ್ದಮ್ಮನಿಗೆ ಅರ್ಥವಾಗದ ಕಡೆ ನಿಲ್ಲಿಸಿ ಹೇಳುತ್ತಾಳೆ. ಆಮೇಲೆ ಹಾಳೆ ಪಕ್ಕದ ಮನೆಯ ಮಗ್ಗಕ್ಕೆ ಹೋಗುತ್ತದೆ, ಅಲ್ಲಿಂದ ಮುಂದಿನ ಮನೆಗೆ. ಬೀದಿಯ ಆ ತುದಿಯಲ್ಲಿ ನಾಯಕ ನಾಯಕಿ ಇನ್ನೂ ಮೊದಲ ಸಲ ಭೇಟಿಯಾಗುತ್ತಿದ್ದರೆ, ಈ ತುದಿಯಲ್ಲಿ ಅವರ ಜಗಳವಾಗಿರುತ್ತದೆ. ಮುಂದೆ ಓದಿದವರು ಹಿಂದಿನವರಿಗೆ ಬಾಯಿ ಬಿಡಬಾರದು ಎಂದು ಕಟ್ಟುಪಾಡು. ಹುಚ್ಚಕ್ಕ ಎಂಬಾಕೆ ನೀರಿಗೆ ಹೋದಾಗ ಬಾಯಿ ಬಿಟ್ಟಳು, ಈಗ ಅವಳ ಮನೆಗೆ ಹಾಳೆ ಕೊನೆಯಲ್ಲಿ ಹೋಗುತ್ತದೆ.

ಹೊನ್ನೂರಸ್ವಾಮಿ ಚಾಪೆಯ ಅಂಚು ಹಿಡಿದು ಕೂತ. ಒಬ್ಬ ಓದುಗ ಸಾಕು ಎಂದಿದ್ದ. ಇಲ್ಲಿ ಒಂದು ಬೀದಿಯೇ ಓದುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಸುತ್ತ ಎಲ್ಲಿಯೂ ಶೇಂಗಾ ಹೊಟ್ಟು ಇರಲಿಲ್ಲ.

"ಚೆನ್ನಾಗೈತಾ ಕತೆ?" ಎಂದ ಮೆಲ್ಲಗೆ.

"ಏನು ಚೆನ್ನಾಗೈತೆ?" ಎಂದಳು ಪೆದ್ದಮ್ಮ. "ಆ ಹುಡುಗಿ, ಏನವಳ ಹೆಸರು..."

"ನೀಲವೇಣಿ" ಎಂದ, ತಡೆಯಲಾರದೆ.

"ಆಂ, ಅವಳೇ. ಹೊತ್ತು ಹುಟ್ಟಿದ್ರೆ ಕಿಟಕಿ, ಹೊತ್ತು ಮುಳುಗಿದ್ರೆ ಸಮುದ್ರ. ಆ ಮನೇಲಿ ನೀರು ಯಾರು ತರ್ತಾರೆ? ಒಲೆ ಯಾರು ಹಚ್ತಾರೆ? ಒಂದ್ಸಲ ಆದ್ರೂ ಊಟ ಮಾಡಿದ್ಲಾ ಅವಳು?"

"ಆರನೇ ಅಧ್ಯಾಯದಲ್ಲಿ ಕಾಫಿ ಕುಡೀತಾಳೆ ಅಜ್ಜಿ" ಎಂದಳು ಪದ್ಮಶ್ರೀ.

"ಬರೀ ಕಾಫಿ! ಅದ್ಕೇ ಕಣ್ಣೀರು ಬತ್ತೋದೇ ಇಲ್ಲ. ಆ ಗಂಡಸು ವಿಕ್ರಮ, ಅವನೋ, ಹಾಳೆಗೊಂದ್ಸಲ ಅಳ್ತಾನೆ, ಅತ್ತು ಅವಳ ಸೆರಗಿಗೇ ಮೂಗು ಒರೆಸ್ತಾನೆ. ರೇಷ್ಮೆ ಸೀರೆ ಅಂತೆ! ನೇಯ್ದೋರ ಹೊಟ್ಟೆ ಉರಿಯಲ್ವಾ?"

ಗುಂಡಿಯೊಳಗಿನಿಂದ ಸೂರಪ್ಪ, "ಬರೆದೋನು ಒಂದು ಸೀರೆನಾದ್ರೂ ಕೊಂಡಿದ್ರೆ ಅಂಗೆ ಬರೀತಿರ್ಲಿಲ್ಲ" ಎಂದ.

ಮದುವೆಯಿಲ್ಲದ, ಸೀರೆ ಕೊಂಡಿಲ್ಲದ ಸಾಗರಪ್ರಿಯ ತಲೆ ತಗ್ಗಿಸಿದ. ಬೊಮ್ಮಲಿಂಗಪ್ಪ ಮೇಷ್ಟ್ರ 'ಒಟ್ಟಾರೆ ಆಳ' ಕೇಳಿದ್ದ ಕಿವಿಗೆ ಇದು ಬೇರೆಯೇ ಪೆಟ್ಟು. ಆದರೆ ಪೆಟ್ಟು ಬೀಳುತ್ತಿದ್ದದ್ದು ಅವನು ಬರೆದ ಸಾಲುಗಳ ಮೇಲೆಯೇ, ಬೇರೆಲ್ಲೂ ಅಲ್ಲ. ಬೆನ್ನು ಒಡ್ಡಿ ಕೂತವನ ಹಾಗೆ ಅವನು ಇನ್ನಷ್ಟು ಬೀಳಲಿ ಎಂದು ಕಾದ.

"ಇಷ್ಟು ಬೇಜಾರಾದ್ರೆ ಯಾಕೆ ಓದ್ತೀರವ್ವಾ?"

"ಬೇಜಾರು ಅಂತ ಯಾರಂದ್ರು?" ಎಂದು ಪೆದ್ದಮ್ಮ ರೇಗಿದಳು. "ಆ ಹುಡುಗೀನ ಆ ಮನೆಯಿಂದ ಹೊರಗೆ ಕಳಿಸೋವರೆಗೂ ನಮಗೆ ನಿದ್ದೆ ಬರಬೇಕಲ್ಲ!"

ಆಗ ವಿಷಯ ಎಂಬತ್ತೇಳನೇ ಪುಟಕ್ಕೆ ಬಂತು. ಪುಸ್ತಕದ ಕೊನೆಯ ಹಾಳೆಗೆ ಹಿಂದಿನ ಹಾಳೆ ಅದು, ಬೆನ್ನಿನ ಎಂಬತ್ತೆಂಟೂ ಸೇರಿ. ಪದ್ಮಶ್ರೀ ಅದನ್ನು ಕಿತ್ತು, ಓದಲು ಕನ್ನಡಕ ತರೋಣವೆಂದು ಒಳಗೆ ಹೋಗಿದ್ದಾಗ, ಪಕ್ಕದ ಮನೆ ಯರ್ರಮ್ಮನ ಮೇಕೆ ಒಳಗೆ ಬಂದು ಹಾಳೆಯನ್ನು ಪೂರ್ತಿ ತಿಂದುಹಾಕಿತ್ತು. ಯಾರೊಬ್ಬರೂ ಓದಿರಲಿಲ್ಲ. ಅದಕ್ಕೂ ಮೊದಲಿನ ಹಾಳೆಯಲ್ಲಿ ನೀಲವೇಣಿ ಸಮುದ್ರದ ದಂಡೆಯಲ್ಲಿ ವಿಕ್ರಮನ ಎದುರು ನಿಂತಿದ್ದಾಳೆ. ಅವನಿಗೆ ಶ್ರೀಮಂತರ ಮಗಳೊಂದಿಗೆ ಮದುವೆ ಗೊತ್ತಾಗಿದೆ, ಅಳುತ್ತಿದ್ದಾನೆ. ಮೇಕೆ ತಿಂದದ್ದರ ಮುಂದಿನ ಹಾಳೆಯಲ್ಲಿ, ಅಂದರೆ ಕೊನೆಯದರಲ್ಲಿ, ಇರುವುದು ಇಷ್ಟೇ: 'ಎಂದು ಹೇಳಿ ಅವಳು ತಿರುಗಿ ನೋಡದೆ ನಡೆದಳು. ವಿಕ್ರಮ ಕಲ್ಲಿನಂತೆ ನಿಂತ. ಕಡಲು ನಿಟ್ಟುಸಿರಿಟ್ಟಿತು.'

"ಏನಂದ್ಲು ಅನ್ನೋದು ಯರ್ರಮ್ಮನ ಮೇಕೆಗೆ ಮಾತ್ರ ಗೊತ್ತು" ಎಂದ ಸೂರಪ್ಪ.

"ನಂಗೊತ್ತು" ಎಂದ ಹೊನ್ನೂರಸ್ವಾಮಿ. ಎದೆ ಉಬ್ಬಿತು. ಕಾದಂಬರಿಯ ಶಿಖರ ಅದು, ಊಟ ಬಿಟ್ಟು ಬರೆದದ್ದು. "ನಾನು... ಟೆಂಪೋದಲ್ಲಿ ಬರುವಾಗ ಓದಿದೀನಿ." ಗಂಟಲು ಸರಿಮಾಡಿಕೊಂಡು ಬಾಯಿಪಾಠ ಒಪ್ಪಿಸಿದ. "'ನಿಮ್ಮ ಸುಖವೇ ನನ್ನ ಸುಖ, ವಿಕ್ರಮ್. ನೀವು ಅವಳನ್ನೇ ಮದುವೆಯಾಗಿ. ನಾನು ಈ ಅಲೆಗಳಲ್ಲಿ ಬೆರೆತು, ನಿಮ್ಮ ಹೆಸರನ್ನೇ ಜಪಿಸುತ್ತಾ, ಯುಗಯುಗಗಳವರೆಗೂ ನಿಮ್ಮ ಪಾದದ ಗುರುತನ್ನು...'"

ಮಗ್ಗದ ಸದ್ದು ನಿಂತಿತು. ಪೆದ್ದಮ್ಮ ಅವನನ್ನೇ ನೋಡುತ್ತಿದ್ದಳು.

"ಅಂಗೆ ಇಲ್ಲ" ಎಂದಳು.

"ಅಂಗೇ ಐತವ್ವಾ!"

"ಸಾಧ್ಯವೇ ಇಲ್ಲ. ಪಾದದ ಗುರುತು ಅಂದೋಳು ತಿರುಗಿ ನೋಡದೆ ಹೋಗ್ತಾಳಾ? ಅಂಥೋಳು ಹೆಜ್ಜೆಗೊಂದ್ಸಲ ತಿರುಗಿ ನೋಡ್ತಾಳೆ. ಇವನು ಯಾಕೆ ಕಲ್ಲಾಗಿ ನಿಂತ? ಅವಳು ಸರಿಯಾಗಿ ಏನೋ ಅಂದಿರ್ಬೇಕು. ಪದ್ಮಾ, ನಾವು ಅಂದ್ಕೊಂಡಿದ್ದು ಹೇಳು."

ಪದ್ಮಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿಗೆ ವಿಕ್ರಮನೇ ನಿಂತಿರುವಂತೆ ಹೇಳಿದಳು. "'ನೋಡು, ಈ ಸೀರೆ ಯಾರೋ ಗುಂಡೀಲಿ ಕೂತು, ಬೆನ್ನು ಬಗ್ಗಿಸಿ ನೇಯ್ದಿದ್ದು. ನಿನ್ನ ಮೂಗು ಒರೆಸೋಕಲ್ಲ. ಮದ್ವೆ ಆಗೋದಾದ್ರೆ ಆಗು, ಇಲ್ದಿದ್ರೆ ದಾರಿ ಬಿಡು. ನಂಗೆ ಕೆಲಸ ಐತೆ.'"

"ಎಂದು ಹೇಳಿ ಅವಳು ತಿರುಗಿ ನೋಡದೆ ನಡೆದಳು" ಎಂದ ಸೂರಪ್ಪ, ಗುಂಡಿಯಿಂದ, ಬಹಳ ಗಂಭೀರವಾಗಿ.

ವಾಕ್ಯ ಕೂತ ರೀತಿಯನ್ನು ಹೊನ್ನೂರಸ್ವಾಮಿ ಒಳಗೊಳಗೇ ಮತ್ತೊಮ್ಮೆ ಓದಿಕೊಂಡ. ವಿಕ್ರಮ ಕಲ್ಲಿನಂತೆ ನಿಂತದ್ದು ಏಕೆಂದು ಅವನಿಗೂ ಈಗಲೇ ಗೊತ್ತಾದದ್ದು.

"ಈ ಅಬ್ಬಾಯಿ ಓದಿಲ್ಲಮ್ಮ, ಬಿಡು" ಎಂದಳು ಪೆದ್ದಮ್ಮ ಪದ್ಮಶ್ರೀ ಕಡೆ ತಿರುಗಿ. "ಓದಿದೀನಿ ಅಂತ ಬಾಯಿಗೆ ಬಂದಿದ್ದು ಹೇಳ್ತಾನೆ. ಓದಿಲ್ಲ ಅಂದ್ರೆ ಓದಿಲ್ಲ ಅನ್ನಬೇಕು ನಾಯನಾ. ಅದ್ರಲ್ಲಿ ನಾಚಿಕೆ ಏನೈತೆ?"

ಹೆಗಲಿನ ಚೀಲದಲ್ಲಿ ಹೊಸ ಪ್ರತಿಯಿತ್ತು. ಎಂಬತ್ತೇಳನೇ ಪುಟ ಅದರಲ್ಲಿ ಭದ್ರವಾಗಿತ್ತು. ತೆಗೆದು ಮುಂದೆ ಹಿಡಿದರೆ ಸಾಕು, ಯಾರು ಸರಿ ಎಂದು ತೀರ್ಮಾನವಾಗುತ್ತಿತ್ತು. ಕೈ ಚೀಲದೊಳಗೆ ಹೋಯಿತು, ಪುಟ ಹುಡುಕಿತು. ಹಾಳೆ ಸಲೀಸಾಗಿ, ವಿನಯದಿಂದ ಬೆರಳಿಗೆ ಬಂತು.

"ಏನಯ್ಯಾ ಹುಡುಕ್ತಿದೀಯ?" ಎಂದ ಸೂರಪ್ಪ.

"ಏನಿಲ್ಲ. ಬೀಡಿ" ಎಂದ, ಬೀಡಿ ಸೇದದ ಹೊನ್ನೂರಸ್ವಾಮಿ. ಆಮೇಲೆ ಪೆದ್ದಮ್ಮನಿಗೆ, "ನೀವಂದಿದ್ದೇ ಸರಿ ಅವ್ವಾ. ನಾನು ಓದಿಲ್ಲ" ಎಂದ.

"ಅಂಗೆ ಹೇಳು" ಎಂದು ಮುದುಕಿ ಸಮಾಧಾನವಾಗಿ, ಅವನಿಗೆ ಮಜ್ಜಿಗೆ ಕೊಡಿಸಿದಳು. ಹೊರಡುವಾಗ ಪದ್ಮಶ್ರೀ, "ಆ ಸಾಗರಪ್ರಿಯ ಇನ್ನೊಂದು ಬರೆದ್ರೆ ತನ್ನಿ" ಎಂದಳು. "ಇದೇ ತರ ಹರಿಯೋದು ಇರ್ಲಿ. ಸಮುದ್ರ ಬೇಡ ಅಂತ ಯಾರಾದ್ರೂ ಹೇಳಿ ಅವನಿಗೆ."

ಹೊರಗೆ ಕಟ್ಟೆಯ ಬಳಿ ಯರ್ರಮ್ಮನ ಮೇಕೆ ನಿಂತಿತ್ತು. ಹೊನ್ನೂರಸ್ವಾಮಿ ಅತ್ತಿತ್ತ ನೋಡಿ, ಚೀಲದಿಂದ ಹಾಳೆ ತೆಗೆದ. ಕೊನೆಯ ಸಲ ಓದಿದ. 'ಯುಗಯುಗಗಳವರೆಗೂ' ಎಂಬಲ್ಲಿ ಕಿವಿ ಬಿಸಿಯಾದವು. ಹಾಳೆಯನ್ನು ಮೇಕೆಯ ಮುಂದೆ ಹಿಡಿದ. ಅದು ಎರಡನೆಯ ಸಲವೂ ಪೂರ್ತಿ ತಿಂದಿತು. ಆ ಪುಟವನ್ನು ಇಷ್ಟು ಮೆಚ್ಚಿದ ಜೀವ ಅದೊಂದೇ.

ಊರಿಗೆ ಬಂದವನು ಮೊಳೆಯಲ್ಲಿದ್ದ ಚೀಟಿ ತೆಗೆದು ಒಲೆಗೆ ಹಾಕಿದ. ಮುಂದಿನ ಭಾನುವಾರ ಮಿಕ್ಕ ಪ್ರತಿಗಳ ಕಟ್ಟುಗಳನ್ನು ಪ್ರೆಸ್ಸಿನ ಜಗುಲಿಗೆ ಹೊತ್ತು ತಂದ. ಒಂದೊಂದನ್ನೇ ತೆರೆದು ಎಂಬತ್ತೇಳನೇ ಪುಟವನ್ನು ಕಿತ್ತು ಪಕ್ಕಕ್ಕೆ ಇಡತೊಡಗಿದ. ಅಂಚು ಒಂದೂ ಕೆಡಲಿಲ್ಲ, ಹೊಲಿಗೆ ಒಂದೂ ಅಲುಗಲಿಲ್ಲ. ಆ ಜಾಗಕ್ಕೆ ಹೊಸ ಹಾಳೆ ಅಚ್ಚು ಹಾಕಿಸಿ ಅಂಟಿಸಬೇಕು. ಅದರಲ್ಲಿ ಏನಿರಬೇಕೆಂದು ಅವನಿಗೆ ಪದಕ್ಕೆ ಪದ ನೆನಪಿತ್ತು, ಬರೆದದ್ದು ಅವನಲ್ಲದಿದ್ದರೂ.

ಕೆಂಚಣ್ಣ ಅಂಟಿನ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತ. ಒಂದು ಹಾಳೆ ತಾನೇ ಕಿತ್ತು, ಬೆಳಕಿಗೆ ಹಿಡಿದು, ಅಂಚಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿದ.

"ಕಾದಂಬರೀನ ಯಾರು ಹರೀತಾರೆ ಅಂದಿದ್ರಲ್ಲ ಸಾರ್" ಎಂದ.